ತೋಟದ ಲೆಕ್ಕಕ್ಕೆ ಸಣ್ಣ ಸಾಫ್ಟ್‌ವೇರ್: ಒಳಗೆ ಯಾವ ಡೇಟಾಬೇಸ್ ಇಡೋದು?

ಸುಂಟಿಕೊಪ್ಪ_ಕೋಡರ್:
ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ತೋಟಕ್ಕೆ ಒಂದು ಸಣ್ಣ ಸಾಫ್ಟ್‌ವೇರ್ ಬರೀತಾ ಇದೀನಿ. ಆಫೀಸ್ ರೂಮಲ್ಲಿ ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್, ಅದರ ಮುಂದೆ ಕೂರೋದು ರೈಟರ್, ಅಂದರೆ ತೋಟದ ಗುಮಾಸ್ತರು, ಒಬ್ಬರೇ. ಚೆಕ್‌ರೋಲ್ (ಆಳುಗಳ ಪಟ್ಟಿ) ಹಾಜರಿ, ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆಜಿ ಕುಯ್ದರು, ವಾರದ ಬಟವಾಡೆ, ಮುಂಗಡ, ಗೊಬ್ಬರದ ಸ್ಟಾಕು, ಮಳೆ ಲೆಕ್ಕ. ಇಷ್ಟೇ ಇರೋದು. ಬರೀತಿರೋದು ಪೈಥಾನ್‌ನಲ್ಲಿ.

ಈಗ ಡೇಟಾವನ್ನ ಜೇಸನ್ ಅನ್ನೋ ಸಾದಾ ಪಠ್ಯದ ಫೈಲಲ್ಲಿ ಇಟ್ಟಿದೀನಿ. ಬೆಳೀತಾ ಹೋದ ಹಾಗೆ ಸರಿ ಬರಲ್ಲ ಅನ್ನಿಸ್ತಿದೆ. ಮೈಎಸ್‌ಕ್ಯುಎಲ್ ಹಾಕಲಾ, ಆಕ್ಸೆಸ್ ಹಾಕಲಾ, ಎಸ್‌ಕ್ಯೂಲೈಟ್ ಹಾಕಲಾ? ಮೂರು ವಿಷಯ ಗಮನದಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟು ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ. ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ರೈಟರ್ ಕನ್ನಡದಲ್ಲೇ ಟೈಪ್ ಮಾಡ್ತಾರೆ.

ಸೋಮವಾರಪೇಟೆ_ಪೈಥಾನ್:
ಎಸ್‌ಕ್ಯೂಲೈಟ್. ಬೇರೆ ಯೋಚನೆಯೇ ಬೇಡ.

ಹಾರಂಗಿ_ದಂಡೆ:
ಮೇಲಿನವರು ಒಂದೇ ಸಾಲಲ್ಲಿ ಮುಗಿಸಿದರು, ಕಾರಣ ನಾನು ಹೇಳ್ತೀನಿ. ಮೈಎಸ್‌ಕ್ಯುಎಲ್ ಆಗಲಿ ಪೋಸ್ಟ್‌ಗ್ರೆಸ್ ಆಗಲಿ ಸರ್ವರ್. ಹಿನ್ನೆಲೆಯಲ್ಲಿ ಒಂದು ಸರ್ವಿಸ್ ಓಡ್ತಾ ಇರಬೇಕು, ಪಾಸ್‌ವರ್ಡ್, ಪೋರ್ಟ್, ವರ್ಷಕ್ಕೊಮ್ಮೆ ಅಪ್‌ಗ್ರೇಡ್. ಸರ್ವಿಸ್ ಶುರು ಆಗದ ದಿನ ರೈಟರ್ ಏನು ಮಾಡಬೇಕು? ಎಸ್‌ಕ್ಯೂಲೈಟ್ ನಿಮ್ಮ ಪ್ರೋಗ್ರಾಮಿನೊಳಗೇ ಸೇರಿಕೊಳ್ಳೋ ಲೈಬ್ರರಿ, ಡೇಟಾ ಎಲ್ಲಾ ಒಂದೇ ಫೈಲು. ಪೈಥಾನ್ ಜೊತೆ 2006ರಿಂದ, ಅಂದರೆ 2.5ನೇ ಆವೃತ್ತಿಯಿಂದಲೇ ಬರ್ತಿದೆ, ಬೇರೆ ಇನ್‌ಸ್ಟಾಲ್ ಮಾಡೋದೇ ಬೇಕಿಲ್ಲ. ನಿಮ್ಮ ಜೇಬಿನ ಫೋನಲ್ಲೂ ಇದೆ, ಫೈರ್‌ಫಾಕ್ಸ್, ಕ್ರೋಮ್ ಎರಡೂ ಹಿಸ್ಟರಿ ಇಡೋದು ಇದರಲ್ಲೇ.

ಇದನ್ನ ಬರೆದ ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ್ದು ಅಮೆರಿಕದ ನೌಕಾಪಡೆಯ ಹಡಗಿನ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗ. ಡೇಟಾಬೇಸ್ ಸರ್ವರ್ ನಿಂತುಹೋದರೆ ಇಡೀ ಪ್ರೋಗ್ರಾಮೇ ನಿಲ್ಲುತ್ತಿತ್ತು, ಸರ್ವರೇ ಬೇಡದ ಡೇಟಾಬೇಸ್ ಯಾಕಿರಬಾರದು ಅನ್ನೋದೇ ಮೂಲ ಯೋಚನೆ. ನಿಮ್ಮ ತೋಟದ ಆಫೀಸಿಗೂ ಅದೇ ಪ್ರಶ್ನೆ.

ಹಳೇ_ಫಾಕ್ಸ್‌ಪ್ರೋ:
ಆಕ್ಸೆಸ್ಸನ್ನ ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಫಾರ್ಮು, ರಿಪೋರ್ಟು, ಪ್ರಿಂಟು ಎಲ್ಲಾ ಅದರೊಳಗೇ ಇದೆ. ಕೊಡಗಲ್ಲಿ ಎಷ್ಟೋ ತೋಟಗಳ ಬಟವಾಡೆ ಪಟ್ಟಿ ಹಿಂದೆ ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸಲ್ಲೇ ನಡೀತಿತ್ತು, ನಾನೇ ಬರೆದುಕೊಟ್ಟಿದೀನಿ. ಪ್ರೋಗ್ರಾಮರ್ ಊರು ಬಿಟ್ಟು ಹೋದಮೇಲೂ ಒಬ್ಬ ಗುಮಾಸ್ತ ತೆರೆದು ನೋಡುವಂತಿರಬೇಕು, ಅದು ಮುಖ್ಯ.

ಸೋಮವಾರಪೇಟೆ_ಪೈಥಾನ್:
ಆದರೆ ಅಣ್ಣ, ಫಾಕ್ಸ್‌ಪ್ರೋದ ಕೊನೇ ಆವೃತ್ತಿ 9 ಬಂದದ್ದು 2004ರಲ್ಲಿ, ಮೈಕ್ರೋಸಾಫ್ಟ್ ಬೆಂಬಲ 2015ರಲ್ಲಿ ಪೂರ್ತಿ ನಿಂತಿತು. ಕಂಪನಿ ಕೈಬಿಟ್ಟರೆ ನಾವೂ ಬಿಡಬೇಕು. ಎಸ್‌ಕ್ಯೂಲೈಟ್ ಪಬ್ಲಿಕ್ ಡೊಮೈನ್, ಯಾರ ಆಸ್ತಿಯೂ ಅಲ್ಲ. 2050ರ ತನಕ ನೋಡಿಕೊಳ್ತೀವಿ ಅಂತ ಬರೆದವರೇ ಹೇಳಿದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಡೇಟಾ ಕಾಪಿಡೋಕೆ ಶಿಫಾರಸು ಮಾಡೋ ಫಾರ್ಮ್ಯಾಟ್‌ಗಳಲ್ಲಿ ಇದೂ ಇದೆ.

ಹಳೇ_ಫಾಕ್ಸ್‌ಪ್ರೋ:
ಬೆಂಬಲ ನಿಂತಿತು ನಿಜ. ಆದರೆ ಅದರ ಡಿಬಿಎಫ್ ಫೈಲನ್ನ ಇವತ್ತಿಗೂ ಲಿಬ್ರೆ ಆಫೀಸ್ ತೆರೆಯುತ್ತೆ. ಫೈಲಿನ ರಚನೆ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಉಳಿಯಿತು. ಎಸ್‌ಕ್ಯೂಲೈಟ್‌ಗೂ ಆ ಗುಣ ಇದ್ದರೆ ನನ್ನ ತಕರಾರಿಲ್ಲ.

ಹಾರಂಗಿ_ದಂಡೆ:
ಇದೆ. ಫೈಲಿನ ಒಂದೊಂದು ಬೈಟೂ ಏನು ಅಂತ ಬಹಿರಂಗವಾಗಿ ಬರೆದಿಟ್ಟಿದಾರೆ. 2004ರಲ್ಲಿ 3ನೇ ಆವೃತ್ತಿ ಬಂತಲ್ಲ, ಆಗ ಬರೆದ ಫೈಲು ಇವತ್ತಿನ ಲೈಬ್ರರಿಯಲ್ಲೂ ತೆರೆಯುತ್ತೆ. ಗುಮಾಸ್ತರಿಗೆ ಬೇಕಾದರೆ ಡಿಬಿ ಬ್ರೌಸರ್ ಅಂತ ಉಚಿತ ಪ್ರೋಗ್ರಾಮ್ ಇದೆ, ಎಕ್ಸೆಲ್ ಥರ ಸಾಲು ಸಾಲಾಗಿ ಕಾಣುತ್ತೆ.

ಬೆಂಗಳೂರಲ್ಲಿರೋ_ಕೊಡಗಿನವ:
ನಾನು ಪೋಸ್ಟ್‌ಗ್ರೆಸ್ ಪರ. ಇವತ್ತು ಒಂದು ಲ್ಯಾಪ್‌ಟಾಪ್, ನಾಳೆ ಮೂರು ತೋಟ ಸೇರುತ್ತೆ, ಆಮೇಲೆ ಬದಲಾಯಿಸೋದು ದೊಡ್ಡ ಕೆಲಸ. ಮೊದಲೇ ಗಟ್ಟಿ ಅಡಿಪಾಯ ಹಾಕಿ.

ಹಾರಂಗಿ_ದಂಡೆ:
ಒಂದು ಮೂಟೆ ಕಾಫಿ ಗೋಣಿಕೊಪ್ಪಕ್ಕೆ ಒಯ್ಯೋಕೆ ಹತ್ತು ಚಕ್ರದ ಲಾರಿ ಬಾಡಿಗೆಗೆ ಹಿಡಿದ ಹಾಗಾಯ್ತು. ನೂರು ಜನರ ಹಾಜರಿ ದಿನಾ ಬರೆದರೂ ವರ್ಷಕ್ಕೆ ನಲವತ್ತು ಸಾವಿರ ಸಾಲೂ ಆಗಲ್ಲ. ಹತ್ತು ವರ್ಷ ಇಟ್ಟರೂ ಎಸ್‌ಕ್ಯೂಲೈಟ್‌ಗೆ ಲೆಕ್ಕವೇ ಅಲ್ಲ, ಅದರ ಮಿತಿ 281 ಟೆರಾಬೈಟ್. ಆಕ್ಸೆಸ್ ಫೈಲಿಗೆ ಮಿತಿ 2 ಜಿಬಿ.

ಬೆಂಗಳೂರಲ್ಲಿರೋ_ಕೊಡಗಿನವ:
ಗಾತ್ರದ ಮಾತಲ್ಲ ನಾನು ಹೇಳ್ತಿರೋದು. ಏಕಕಾಲಕ್ಕೆ ಎಷ್ಟು ಜನ ಬರೀಬಹುದು ಅನ್ನೋದು. ಎಸ್‌ಕ್ಯೂಲೈಟಲ್ಲಿ ಒಂದು ಸಲಕ್ಕೆ ಒಬ್ಬರೇ.

ಹಾರಂಗಿ_ದಂಡೆ:
ಅದು ನಿಜ, ಒಪ್ತೀನಿ. ಆದರೆ ಒಂದು ಬರಹ ಮುಗಿಯೋಕೆ ಬೇಕಾಗೋದು ಮಿಲಿಸೆಕೆಂಡುಗಳು. ಬಿಜಿ ಟೈಮೌಟ್ ಅಂತ ಒಂದು ಸೆಟ್ಟಿಂಗ್ ಇದೆ, ಐದು ಸೆಕೆಂಡ್ ಇಟ್ಟರೆ ಎರಡನೆಯವರು ಸುಮ್ಮನೆ ಕಾದು ಬರೀತಾರೆ. ರೈಟರ್ ಒಬ್ಬರೇ ಇರೋ ಕಡೆ ಈ ವಾದವೇ ಬರಲ್ಲ.

ಮಡಿಕೇರಿ_ಮಬ್ಬು:
ಇಬ್ಬರೂ ಮುಖ್ಯ ವಿಷಯ ಬಿಟ್ಟಿರಿ. ಅವರು ಮೊದಲು ಕೇಳಿದ್ದು ಕರೆಂಟಿನ ಬಗ್ಗೆ.

ಜೇಸನ್ ಫೈಲು ಯಾಕೆ ಅಪಾಯ ಅಂದರೆ, ಒಂದು ಸಾಲು ಬದಲಾದರೂ ಇಡೀ ಫೈಲನ್ನ ಮೊದಲಿಂದ ಬರೀತೀರಿ. ಅರ್ಧ ಬರೆದಾಗ ಕರೆಂಟ್ ಹೋದರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಬೇರೆ ಹೆಸರಲ್ಲಿ ಬರೆದು, ಡಿಸ್ಕಿಗೆ ಇಳಿಸಿ, ಆಮೇಲೆ ಹೆಸರು ಬದಲಾಯಿಸಿದರೆ ತಪ್ಪಿಸಬಹುದು. ಆದರೆ ಅದನ್ನೆಲ್ಲ ನೀವೇ ಬರೀಬೇಕು.

ಎಸ್‌ಕ್ಯೂಲೈಟ್ ಮಾಡೋದು ಹೀಗೆ. ಬದಲಾಯಿಸೋ ಪುಟದ ಹಳೇ ನಕಲನ್ನ ಮೊದಲು ಪಕ್ಕದ ಜರ್ನಲ್ ಫೈಲಿಗೆ ಬರೆದು, ಆಮೇಲೆ ಮೂಲ ಫೈಲನ್ನ ಮುಟ್ಟುತ್ತೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ತೆರೆದಾಗ ಜರ್ನಲ್ ನೋಡಿ ತಾನೇ ಹಿಂದಿನ ಸ್ಥಿತಿಗೆ ತರುತ್ತೆ. ಬಟವಾಡೆ ಅರ್ಧ ಬರೆದು ಅರ್ಧ ಬಿಟ್ಟ ಸ್ಥಿತಿ ಬರಲ್ಲ, ಆದರೆ ಆ ವಾರದ ಬಟವಾಡೆ ಪೂರ್ತಿ ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನೋ ಒಂದು ಗುಂಪು) ಒಳಗಿರಬೇಕು.

ಎರಡನೇ ವಿಧಾನ ವಾಲ್, 2010ರಲ್ಲಿ ಬಂದದ್ದು. ಹೊಸ ಬದಲಾವಣೆ ಪಕ್ಕದ ಫೈಲಿಗೆ ಸೇರ್ತಾ ಹೋಗುತ್ತೆ, ಒಬ್ಬರು ಬರೀವಾಗಲೂ ಬೇರೆಯವರು ಓದಬಹುದು. ವೇಗ ಸಿಗುತ್ತೆ ಅಂತ ಸಿಂಕ್ರೊನಸ್ (ಬರೆದದ್ದು ಡಿಸ್ಕಿಗೆ ಇಳಿಯೋ ತನಕ ಕಾಯೋ) ಸೆಟ್ಟಿಂಗನ್ನ ನಾರ್ಮಲ್‌ಗೆ ಇಳಿಸಿ ಅಂತ ಎಲ್ಲ ಕಡೆ ಬರೆದಿರುತ್ತೆ. ವಾಲ್ ಜೊತೆ ಹಾಗೆ ಮಾಡಿದರೆ ಫೈಲು ಕೆಡಲ್ಲ, ಆದರೆ ಕರೆಂಟ್ ಹೋದಾಗ ಕೊನೆಯಲ್ಲಿ ಬರೆದ ಒಂದೆರಡು ನಮೂದು ಕಾಣೆಯಾಗಬಹುದು. ಕೂಲಿ ಲೆಕ್ಕದಲ್ಲಿ ಅದು ಆಗಕೂಡದು. ಆ ಸೆಟ್ಟಿಂಗ್ ಫುಲ್‌ನಲ್ಲೇ ಇರಲಿ.

ಗೋಣಿಕೊಪ್ಪದ_ಅಕ್ಕ:
ನಾನು ತೋಟಗಳ ಲೆಕ್ಕಪತ್ರ ನೋಡೋಳು. ಒಂದು ಕಡೆ ಹೀಗಾಗಿತ್ತು: ಕರೆಂಟ್ ಹೋಗಿ ಬಂದಮೇಲೆ ಫೋಲ್ಡರಲ್ಲಿ ಜರ್ನಲ್ ಅಂತ ಬೇಡದ ಫೈಲ್ ಕಾಣಿಸ್ತು ಅಂತ ಹುಡುಗ ಡಿಲೀಟ್ ಮಾಡಿದ. ಆಮೇಲೆ ಡೇಟಾಬೇಸ್ ತೆರೀಲೇ ಇಲ್ಲ. ಮಬ್ಬು ಹೇಳಿದ್ದು ಓದಿದಮೇಲೆ ಈಗ ಅರ್ಥ ಆಯ್ತು ಯಾಕೆ ಅಂತ.

ಮಡಿಕೇರಿ_ಮಬ್ಬು:
ಹೌದಕ್ಕ, ಸರಿ ಮಾಡೋಕೆ ಬೇಕಾದ ಮಾಹಿತಿ ಅದರಲ್ಲೇ ಇರೋದು. ಆ ಫೋಲ್ಡರನ್ನ ರೈಟರ್ ಕಣ್ಣಿಗೆ ಬೀಳದ ಜಾಗದಲ್ಲಿ ಇಡಬೇಕು, ಡೆಸ್ಕ್‌ಟಾಪ್ ಮೇಲಂತೂ ಬೇಡವೇ ಬೇಡ. ಓಡ್ತಿರೋ ಡೇಟಾಬೇಸನ್ನ ಪೆನ್‌ಡ್ರೈವಿನಿಂದಲೂ ನಡೆಸಬೇಡಿ. ಅಗ್ಗದ ಪೆನ್‌ಡ್ರೈವುಗಳಲ್ಲಿ ಕೆಲವು, ಬರೆದು ಮುಗೀತು ಅಂತ ಹೇಳಿಯೂ ಬರೆದಿರಲ್ಲ.

ನಾಪೋಕ್ಲು_ನೆಟ್‌ವರ್ಕ್:
ಮುಂದೆ ಚಿಕ್ಕಪ್ಪ ಮನೆಯ ಕಂಪ್ಯೂಟರಿಂದಲೂ ನೋಡಬೇಕು ಅಂತಾರೆ, ಬರೆದಿಟ್ಟುಕೊಳ್ಳಿ. ಆಗ ಫೈಲನ್ನ ವಿಂಡೋಸ್ ಶೇರಲ್ಲಿ ಇಟ್ಟು ಎರಡು ಕಡೆಯಿಂದ ತೆರೀಬೇಡಿ. ನೆಟ್‌ವರ್ಕ್ ಫೈಲುಗಳ ಮೇಲೆ ಲಾಕ್ ನಂಬೋಕಾಗಲ್ಲ, ವಾಲ್ ವಿಧಾನಕ್ಕಂತೂ ಎಲ್ಲರೂ ಒಂದೇ ಯಂತ್ರದಲ್ಲಿರಬೇಕು. ಆಫೀಸ್ ಲ್ಯಾಪ್‌ಟಾಪಲ್ಲಿ ಫ್ಲಾಸ್ಕ್ ಥರದ ಸಣ್ಣ ವೆಬ್ ಪ್ರೋಗ್ರಾಮ್ ಓಡಿಸಿ. ಫೈಲನ್ನ ಮುಟ್ಟೋದು ಅದೊಂದೇ, ಉಳಿದವರು ವೈಫೈ ಮೂಲಕ ಬ್ರೌಸರಲ್ಲಿ ನೋಡಲಿ. ಪೋಸ್ಟ್‌ಗ್ರೆಸ್ ಇಲ್ಲದೆಯೂ ಎರಡು ಮೂರು ಜನಕ್ಕೆ ಧಾರಾಳವಾಗಿ ಸಾಕು.

ಬೆಂಗಳೂರಲ್ಲಿರೋ_ಕೊಡಗಿನವ:
ಇದು ಸರಿ. ಈ ರೀತಿ ಮಾಡಿದರೆ ಮುಂದೆ ಪೋಸ್ಟ್‌ಗ್ರೆಸ್‌ಗೆ ಹೋಗೋದೂ ಸುಲಭ, ಯಾಕಂದರೆ ಎಸ್‌ಕ್ಯುಎಲ್ ಎಲ್ಲಾ ಒಂದೇ ಕಡೆ ಇರುತ್ತೆ. ಆದರೆ ಟೈಪುಗಳ ವಿಷಯದಲ್ಲಿ ನನ್ನ ಆಕ್ಷೇಪ ಇದ್ದೇ ಇದೆ. ಎಸ್‌ಕ್ಯೂಲೈಟಲ್ಲಿ ಸಂಖ್ಯೆ ಅಂತ ಹೇಳಿದ ಕಾಲಮ್ಮಿಗೆ "ನಲವತ್ತು ಕೆಜಿ" ಅಂತ ಬರೆದರೂ ಸುಮ್ಮನೆ ತಗೊಳ್ಳುತ್ತೆ. ಲೆಕ್ಕದ ಪುಸ್ತಕಕ್ಕೆ ಇದು ತಕ್ಕದ್ದಲ್ಲ.

ಕಕ್ಕಬ್ಬೆ_ಜೇನು:
ಇನ್ನೊಂದು ಸೇರಿಸ್ತೀನಿ. ರೈಟರ್ ಕನ್ನಡ ಕೀಬೋರ್ಡಲ್ಲಿ ೪೨ ಅಂತ ಕನ್ನಡ ಅಂಕಿ ಒತ್ತಿದರೆ ಏನಾಗುತ್ತೆ? ಎಸ್‌ಕ್ಯೂಲೈಟ್‌ಗೆ ಅದು ಸಂಖ್ಯೆಯೇ ಅಲ್ಲ, ಅಕ್ಷರ. ಕಾಲಮ್ಮಲ್ಲಿ ಕೂತಿರುತ್ತೆ, ಮೊತ್ತ ಹಾಕಿದಾಗ ಸೊನ್ನೆ ಅಂತ ಲೆಕ್ಕಕ್ಕೆ ಬರುತ್ತೆ. ಎರರ್ ಇಲ್ಲ, ಏನಿಲ್ಲ. ಕುಯ್ದವರ ಕೂಲಿ ಮಾತ್ರ ಕಡಿಮೆ.

ಸೋಮವಾರಪೇಟೆ_ಪೈಥಾನ್:
ಇದಕ್ಕೆ ಪರಿಹಾರ ಇದೆ. 2021ರ ನವೆಂಬರಲ್ಲಿ ಬಂದ 3.37ರಿಂದ ಸ್ಟ್ರಿಕ್ಟ್ ಟೇಬಲ್ ಮಾಡಬಹುದು. ಟೇಬಲ್ ರಚಿಸೋ ಸಾಲಿನ ಕೊನೆಗೆ ಸ್ಟ್ರಿಕ್ಟ್ ಅಂತ ಸೇರಿಸಿದರೆ ಆಯ್ತು, ತಪ್ಪು ಟೈಪು ಬಂದರೆ ಎರರ್ ಕೊಡುತ್ತೆ. ಪೈಥಾನಲ್ಲಂತೂ ಇಂಟ್ ಫಂಕ್ಷನ್‌ಗೆ ಕನ್ನಡ ಅಂಕಿ ಕೊಟ್ಟರೂ ಸರಿಯಾಗಿ ಸಂಖ್ಯೆ ಮಾಡಿಕೊಡುತ್ತೆ. ಒಳಗೆ ಕಳಿಸೋ ಮೊದಲು ಅದನ್ನ ಕರೆಯಿರಿ.

ಹಾಗೇ ಫಾರಿನ್ ಕೀ ಪರೀಕ್ಷೆ (ಒಂದು ಟೇಬಲ್ಲಿನ ನಮೂದು ಇನ್ನೊಂದರಲ್ಲಿ ಇದೆಯಾ ಅಂತ ನೋಡೋದು) ಮೊದಲಿಂದ ಆನ್ ಇರಲ್ಲ. ಪ್ರತಿ ಸಲ ಕನೆಕ್ಷನ್ ತೆರೆದಾಗ ಪ್ರಾಗ್ಮಾ ಅನ್ನೋ ಸೆಟ್ಟಿಂಗ್ ಕಮ್ಯಾಂಡ್ ಕೊಟ್ಟು ಆನ್ ಮಾಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲೇ ಇಲ್ಲದ ಆಳಿನ ಹೆಸರಿಗೆ ಮುಂಗಡ ಬರೆದುಬಿಡಬಹುದು.

ಗೋಣಿಕೊಪ್ಪದ_ಅಕ್ಕ:
ದುಡ್ಡನ್ನ ದಶಮಾಂಶದಲ್ಲಿ ಇಡಬೇಡಪ್ಪ, ಪೈಸೆ ಮಾಡಿ ಪೂರ್ಣಾಂಕದಲ್ಲಿ ಇಡು. ಫ್ಲೋಟಲ್ಲಿ (ಕಂಪ್ಯೂಟರ್ ದಶಮಾಂಶ ಇಡೋ ರೀತಿ) 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರಲ್ಲ. ವಾರ ವಾರ ಕೂಡಿಸಿ ವರ್ಷದ ಕೊನೆಗೆ ತಾಳೆ ನೋಡಿದಾಗ ಕೆಲವು ಪೈಸೆ ಹೆಚ್ಚುಕಡಿಮೆ ಬಂದು ತಲೆ ತಿನ್ನುತ್ತೆ. ತೂಕವೂ ಗ್ರಾಮಲ್ಲಿ ಇರಲಿ.

ವಿರಾಜಪೇಟೆ_ಹೋಮ್‌ಸ್ಟೇ:
ಔಟ್‌ಟರ್ನ್‌ಗೂ (ಓಟಿ, ಅಂದರೆ 50 ಕೆಜಿ ಒಣ ಕಾಫಿ ಹಣ್ಣಿನ, ಚೆರಿಯ, ಮೂಟೆಯಿಂದ ಸಿಗೋ ಬೀಜದ ಕೆಜಿ) ಇದೇ ಮಾಡಿ. 27.5 ಅನ್ನೋದನ್ನ 275 ಅಂತ ಇಟ್ಟರೆ ಸಾಕು. ಚೆರಿ ಮಾರೋವಾಗ 50 ಕೆಜಿ ಮೂಟೆ ಬೆಲೆ ಅಂದರೆ ಓಟಿ ಗುಣಿಸು ರೇಟು ಅಷ್ಟೇ ಅಲ್ವಾ. ಅದರಲ್ಲಿ ಅರ್ಧ ಪಾಯಿಂಟ್ ಆಚೀಚೆಯಾದರೆ ನೂರು ಮೂಟೆಗೆ ಎಷ್ಟಾಗುತ್ತೆ ನೋಡಿ.

ಹಳೇ_ಫಾಕ್ಸ್‌ಪ್ರೋ:
ಓಟಿ ಮಾತು ಬಂದಿದ್ದಕ್ಕೆ ಕೇಳ್ತೀನಿ, ತೇವಾಂಶ ಎಲ್ಲಿ ಬರೀತೀರಿ? ಓಟಿ ಒಂದೇ ಇಟ್ಟರೆ ಮುಂದಿನ ವರ್ಷ ವ್ಯಾಪಾರಿ ಜೊತೆ ವಾದ ಬಂದಾಗ ಕೈಲಿ ಏನೂ ಇರಲ್ಲ. ಪ್ರತಿ ಲಾಟಿಗೆ ತೇವಾಂಶ, ಓಟಿ, ಆ ದಿನದ ರೇಟು ಮೂರೂ ಬೇಕು.

ವಿರಾಜಪೇಟೆ_ಹೋಮ್‌ಸ್ಟೇ:
ಮೂರೂ ಬೇಕು, ಒಪ್ಪಿದೆ. ಕರಿಮೆಣಸಿಗೆ ಲೀಟರ್ ತೂಕ ಕೂಡ.

ಸುಂಟಿಕೊಪ್ಪ_ಕೋಡರ್:
ಎಲ್ಲರಿಗೂ ಥ್ಯಾಂಕ್ಸ್. ಎಸ್‌ಕ್ಯೂಲೈಟ್, ಸ್ಟ್ರಿಕ್ಟ್ ಟೇಬಲ್, ಪೂರ್ಣಾಂಕ, ಸಿಂಕ್ರೊನಸ್ ಫುಲ್. ಇಷ್ಟು ತೀರ್ಮಾನ. ಇನ್ನೊಂದು ಪ್ರಶ್ನೆ. ಟಿಪ್ಪಣಿಗಳಲ್ಲಿ ಕನ್ನಡ ಪದ ಹುಡುಕೋಕೆ ಎಸ್‌ಕ್ಯೂಲೈಟಿನ ಪಠ್ಯ ಹುಡುಕಾಟದ ಭಾಗ ಎಫ್‌ಟಿಎಸ್5 ಹಾಕಿದೆ. "ಕೂಲಿ" ಅಂತ ಹುಡುಕಿದರೆ "ಕಾಲು ಉಳುಕಿದೆ, ರಜೆ" ಅನ್ನೋ ಸಾಲು ಬರ್ತಿದೆ. ಯಾಕೆ?

ಕಕ್ಕಬ್ಬೆ_ಜೇನು:
ಇದು ಕನ್ನಡದವರೆಲ್ಲ ತಿಳ್ಕೊಬೇಕಾದ ವಿಷಯ, ಸ್ವಲ್ಪ ಉದ್ದ ಬರೀತೀನಿ.

ಎಫ್‌ಟಿಎಸ್5ರಲ್ಲಿ ಮೊದಲೇ ಇರೋ ಟೋಕನೈಸರ್ (ಪಠ್ಯವನ್ನ ಪದಗಳಾಗಿ ಒಡೆಯೋದು) ಹೆಸರು ಯೂನಿಕೋಡ್61. ಅದು ಅಕ್ಷರ ಮತ್ತು ಅಂಕಿಗಳನ್ನ ಮಾತ್ರ ಪದದ ಭಾಗ ಅಂತ ಎಣಿಸುತ್ತೆ, ಉಳಿದದ್ದೆಲ್ಲ ಪದ ಮುರಿಯೋ ಜಾಗ. ಯೂನಿಕೋಡಲ್ಲಿ ನಮ್ಮ ಕ, ಲ ಅಕ್ಷರದ ವರ್ಗದಲ್ಲಿವೆ. ಆದರೆ ದೀರ್ಘ, ಗುಡಿಸು, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ಗುರುತು ಅನ್ನೋ ಬೇರೆ ವರ್ಗ. ಹಾಗಾಗಿ "ಕೂಲಿ" ಅನ್ನೋದು ಅದಕ್ಕೆ ಕ, ಲ ಅನ್ನೋ ಎರಡು ಪದ. "ಕಾಲು" ಕೂಡ ಕ, ಲ. ಎರಡೂ ಒಂದೇ!

ಪರಿಹಾರ: ಟೇಬಲ್ ಮಾಡುವಾಗ ಟೋಕನೈಸರಿನ ಕ್ಯಾಟಗರೀಸ್ ಆಯ್ಕೆಯಲ್ಲಿ ಎಲ್ (ಅಕ್ಷರ), ಎನ್ (ಅಂಕಿ) ವರ್ಗಗಳ ಜೊತೆ ಎಮ್ (ಗುರುತು) ವರ್ಗವನ್ನೂ ಸೇರಿಸಿ. ಇಂಡೆಕ್ಸ್ ಹೊಸದಾಗಿ ಕಟ್ಟಿ. ಇಷ್ಟು ಮಾಡಿದರೆ ಕೂಲಿ ಬೇರೆ, ಕಾಲು ಬೇರೆ. ಪದದ ನಡುವಿನ ತುಂಡನ್ನೂ ಹುಡುಕಬೇಕಿದ್ದರೆ 3.34ರಿಂದ ಟ್ರೈಗ್ರಾಮ್ ಟೋಕನೈಸರ್ ಇದೆ, ಆದರೆ ಮೂರು ಕೋಡ್‌ಪಾಯಿಂಟಿಗಿಂತ (ಅಕ್ಷರ, ಗುರುತು ಒಂದೊಂದಕ್ಕೂ ಒಂದು) ಚಿಕ್ಕದು ಸಿಗಲ್ಲ. ನಿಮ್ಮಷ್ಟು ಡೇಟಾಕ್ಕೆ ನಿಜ ಹೇಳಬೇಕಂದರೆ ಬರೀ ಲೈಕ್ (ಎಸ್‌ಕ್ಯುಎಲ್‌ನ ಸಾದಾ ಹುಡುಕಾಟ) ಸಾಕು, ಕನ್ನಡಕ್ಕೆ ದೊಡ್ಡಕ್ಷರ ಚಿಕ್ಕಕ್ಷರದ ತೊಂದರೆಯೂ ಇಲ್ಲ.

ಸೋಮವಾರಪೇಟೆ_ಪೈಥಾನ್:
ಅದರ ಜೊತೆ ಯೂನಿಕೋಡ್ ನಾರ್ಮಲೈಸ್ ಮಾಡೋದು ಮರೀಬೇಡಿ. "ಕೊ" ಅನ್ನೋದನ್ನ ಕಣ್ಣಿಗೆ ಒಂದೇ ಥರ ಕಾಣೋ ಹಾಗೆ ಎರಡು ರೀತಿ ಬರೀಬಹುದು, ಒತ್ವದ ಒಂದೇ ಚಿಹ್ನೆ ಇಟ್ಟು, ಇಲ್ಲಾ ಎತ್ವದ ಜೊತೆ ಇನ್ನೊಂದು ಚಿಹ್ನೆ ಸೇರಿಸಿ. ಬೈಟಲ್ಲಿ ಬೇರೆ ಬೇರೆ. ಎನ್‌ಎಫ್‌ಸಿ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಚಿಹ್ನೆಯ ರೂಪಕ್ಕೆ ತಂದು, ಒಳಗೆ ಇಡಿ. "ಚೆಕ್‌ರೋಲ್" ಪದದ ನಡುವೆ ಕಣ್ಣಿಗೆ ಕಾಣದ ಜೋಡಿಸದ ಚಿಹ್ನೆ ಇರುತ್ತಲ್ಲ, ಹುಡುಕೋಕೆ ಇಟ್ಟ ಕಾಲಮ್ಮಿಂದ ಅದನ್ನ ತೆಗೀಬೇಕು.

ಹಳೇ_ಫಾಕ್ಸ್‌ಪ್ರೋ:
ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಅದು ಯೂನಿಕೋಡೇ ಅಲ್ಲ. ಮೊದಲು ಪರಿವರ್ತನೆ ಮಾಡಿ, ಹೆಸರುಗಳನ್ನ ಒಂದೊಂದಾಗಿ ಕಣ್ಣಲ್ಲಿ ನೋಡಿ. ಒತ್ತಕ್ಷರ ಅಲ್ಲೇ ಕೆಡೋದು.

ಗೋಣಿಕೊಪ್ಪದ_ಅಕ್ಕ:
ಬ್ಯಾಕಪ್ ಬಗ್ಗೆ ಯಾರೂ ಮಾತಾಡಿಲ್ಲ. 2018ರ ಆಗಸ್ಟ್ ನೆನಪಿಸ್ಕೊಳ್ಳಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಗಳೇ ಹೋದವು, ದಾಖಲೆ ಕೇಳೋರು ಯಾರು. ಪರಿಹಾರದ ಅರ್ಜಿಗೆ ಕಾಗದ ಬೇಕು ಅಂದಾಗ ಜನ ಎಷ್ಟು ಒದ್ದಾಡಿದರು ನಾನು ಹತ್ತಿರದಿಂದ ನೋಡಿದೀನಿ. ಒಂದು ಪ್ರತಿ ತೋಟದ ಹೊರಗೆ ಇರಲೇಬೇಕು.

ನಾಪೋಕ್ಲು_ನೆಟ್‌ವರ್ಕ್:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಆದರೆ ಫೈಲನ್ನ ಗೂಗಲ್ ಡ್ರೈವ್ ಫೋಲ್ಡರಲ್ಲೇ ಇಟ್ಟು ಓಡಿಸಬೇಡಿ. ಬರೀತಿರುವಾಗಲೇ ಅದು ಅಪ್‌ಲೋಡ್ ಮಾಡುತ್ತೆ, ಡೇಟಾಬೇಸ್ ಒಂದು ಹೊತ್ತಿನದು, ವಾಲ್ ಫೈಲ್ ಇನ್ನೊಂದು ಹೊತ್ತಿನದು ಆಗಿ ನಕಲು ಕೆಲಸಕ್ಕೆ ಬರಲ್ಲ. ಬರೀ ಕಾಪಿ ಪೇಸ್ಟ್‌ಗೂ ಇದೇ ತೊಂದರೆ.

ವ್ಯಾಕ್ಯೂಮ್ ಇಂಟು ಅಂತ ಕಮ್ಯಾಂಡ್ ಇದೆ, 2019ರಲ್ಲಿ ಬಂದದ್ದು. ಡೇಟಾಬೇಸ್ ಓಡ್ತಿರುವಾಗಲೇ ಬೇರೆ ಫೈಲಿಗೆ ಸರಿಯಾದ, ಅಚ್ಚುಕಟ್ಟಾದ ನಕಲು ಬರೆದುಕೊಡುತ್ತೆ. ಪೈಥಾನಲ್ಲಿ ಬ್ಯಾಕಪ್ ಫಂಕ್ಷನ್ನೂ ಇದೆ. ಸಂಜೆ ಪ್ರೋಗ್ರಾಮ್ ಮುಚ್ಚೋವಾಗ ತಾನೇ ನಕಲು ಮಾಡಿ, ತಾರೀಕು ಹಾಕಿ, ಆ ನಕಲನ್ನ ಡ್ರೈವ್ ಫೋಲ್ಡರಿಗೆ ಹಾಕಲಿ. ನೆಟ್ ಬಂದಾಗ ಮೇಲೆ ಹೋಗುತ್ತೆ.

ಮಡಿಕೇರಿ_ಮಬ್ಬು:
ನಕಲಾದ ತಕ್ಷಣ ಅದರ ಮೇಲೆ ಇಂಟೆಗ್ರಿಟಿ ಚೆಕ್ (ಫೈಲು ಕೆಟ್ಟಿಲ್ಲವೇ ಅನ್ನೋ ಪರೀಕ್ಷೆ) ಓಡಿಸಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಲ್ಲಿ ತೆರೆದು ಒಂದು ವಾರದ ಬಟವಾಡೆ ಸರಿ ಇದೆಯಾ ನೋಡಿ. ಮತ್ತೆ ಆಧಾರ್ ನಂಬರ್, ಬ್ಯಾಂಕ್ ಖಾತೆ ಅದರಲ್ಲಿದ್ದರೆ ಡ್ರೈವಿಗೆ ಹಾಕೋ ಮೊದಲು ಲಾಕ್ ಮಾಡಲೇಬೇಕು. ಎಸ್‌ಕ್ಯೂಲೈಟ್ ತಾನಾಗಿ ಎನ್‌ಕ್ರಿಪ್ಟ್ ಮಾಡಲ್ಲ. ಎಸ್‌ಕ್ಯೂಎಲ್‌ಸೈಫರ್ ಹಾಕಿ, ಇಲ್ಲಾ ನಕಲನ್ನ ಪಾಸ್‌ವರ್ಡ್ ಇರೋ ಸೆವೆನ್‌ಜಿಪ್ ಮಾಡಿ. ಲೈನ್‌ಮನೆಯವರ (ತೋಟದ ಆಳುಗಳ) ವಿವರ ಬೀದಿಗೆ ಬೀಳಬಾರದು.

ಬೆಂಗಳೂರಲ್ಲಿರೋ_ಕೊಡಗಿನವ:
ವರ್ಷಗಳ ಡೇಟಾ ಸೇರಿದಮೇಲೆ ವಿಶ್ಲೇಷಣೆಗೆ ಡಕ್‌ಡಿಬಿ ನೋಡಿ. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, 1.0 ಬಂದದ್ದು 2024ರಲ್ಲಿ. ಇದೂ ಸರ್ವರ್ ಇಲ್ಲದ್ದೇ, ಕಾಲಮ್ ಕಾಲಮ್ಮಾಗಿ ಓದುತ್ತೆ, ಎಸ್‌ಕ್ಯೂಲೈಟ್ ಫೈಲನ್ನ ನೇರವಾಗಿ ತೆರೆಯುತ್ತೆ. ದಿನದ ನಮೂದಿಗಲ್ಲ, ವರದಿಗೆ.

ಹಾರಂಗಿ_ದಂಡೆ:
ಕೊನೆಗೂ ಸರ್ವರ್ ಇಲ್ಲದ್ದನ್ನೇ ಹೇಳಿದಿರಿ, ಸಂತೋಷ. ಆದರೆ ಇವರಿಗೆ ಈಗಲೇ ಬೇಡ. ಎಸ್‌ಕ್ಯೂಲೈಟಲ್ಲಿ ಇಂಡೆಕ್ಸ್ ಸರಿಯಾಗಿ ಹಾಕಿದರೆ ಹತ್ತು ವರ್ಷದ ಮಳೆ ಒಂದು ಕ್ಷಣದಲ್ಲಿ ಬರುತ್ತೆ.

ಸುಂಟಿಕೊಪ್ಪ_ಕೋಡರ್:
ಮಳೆಯದ್ದೇ ಕೇಳಬೇಕಿತ್ತು. ಅಜ್ಜನ ಕಾಲದಿಂದ ಇಂಚು, ಸೆಂಟಲ್ಲಿ ಬರೆದ ಪುಸ್ತಕ ಇದೆ. ಮಿಲಿಮೀಟರ್ ಮಾಡಿ ಇಡಲಾ?

ವಿರಾಜಪೇಟೆ_ಹೋಮ್‌ಸ್ಟೇ:
ಮಾಡಬೇಡಿ! ಇಲ್ಲಿ ಯಾರೂ ಮಿಲಿಮೀಟರಲ್ಲಿ ಮಾತಾಡಲ್ಲ. ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಒಂದಿಂಚು ಬಂತಾ, ಎಂಬತ್ತು ಸೆಂಟಾ ಅಂತಲೇ ಕೇಳೋದು.

ಗೋಣಿಕೊಪ್ಪದ_ಅಕ್ಕ:
ಸೆಂಟಲ್ಲೇ ಪೂರ್ಣಾಂಕ ಇಡು. ನೂರು ಸೆಂಟಿಗೆ ಒಂದಿಂಚು, ಒಂದಿಂಚಿಗೆ 25.4 ಮಿಮೀ. ತೋರಿಸೋವಾಗ ಬೇಕಾದ ಅಳತೆಗೆ ತಿರುಗಿಸಿದರಾಯ್ತು. ಪುಸ್ತಕದಲ್ಲಿ ಬರೆದದ್ದೇ ಒಳಗಿರಬೇಕು.

ಕಕ್ಕಬ್ಬೆ_ಜೇನು:
ತಾರೀಕು ನೋಡ್ಕೊಳ್ಳಿ. ಎಸ್‌ಕ್ಯೂಲೈಟಲ್ಲಿ ತಾರೀಕಿಗೆ ಬೇರೆ ಟೈಪಿಲ್ಲ, ವರ್ಷ-ತಿಂಗಳು-ದಿನ ಕ್ರಮದಲ್ಲಿ ಪಠ್ಯವಾಗಿ ಇಡಿ, ಸಾಲಾಗಿ ಜೋಡಿಸೋಕೂ ಸರಿಹೋಗುತ್ತೆ. ಹವಾಮಾನ ಇಲಾಖೆ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ. ನಿಮ್ಮ ಅಜ್ಜ ಬೆಳಿಗ್ಗೆ ಅಳೆದದ್ದನ್ನ ಅದೇ ದಿನಕ್ಕೆ ಬರೀತಿದ್ದರಾ, ಹಿಂದಿನ ದಿನಕ್ಕಾ, ಮನೆಯಲ್ಲಿ ಹಿರಿಯರನ್ನ ಕೇಳಿ. ಇಲ್ಲಾಂದರೆ ಹಳೇ ಲೆಕ್ಕ, ಹೊಸ ಲೆಕ್ಕ ಒಂದು ದಿನ ಆಚೀಚೆಯಾಗುತ್ತೆ. ಕಾಫಿ ವರ್ಷ ಅಕ್ಟೋಬರಿಂದ ಸೆಪ್ಟೆಂಬರ್, ಮಳೆ ವರ್ಷ ಜನವರಿಯಿಂದ. ಎರಡೂ ತಾರೀಕಿಂದಲೇ ಲೆಕ್ಕ ಹಾಕಬಹುದು, ಬೇರೆ ಕಾಲಮ್ ಬೇಡ.

ಸುಂಟಿಕೊಪ್ಪ_ಕೋಡರ್:
ಚಿಕ್ಕಪ್ಪನ್ನ ಈಗಷ್ಟೇ ಕೇಳಿದೆ. ಅಜ್ಜ ಬೆಳಿಗ್ಗೆ ಏಳಕ್ಕೆ ಅಳೆದು ಹಿಂದಿನ ದಿನದ ಸಾಲಲ್ಲಿ ಬರೀತಿದ್ದರಂತೆ. ಅಳೆದ ತಾರೀಕು, ಪುಸ್ತಕದ ತಾರೀಕು ಅಂತ ಎರಡು ಕಾಲಮ್ ಇಡ್ತೀನಿ.

ಕಕ್ಕಬ್ಬೆ_ಜೇನು:
ಹಾಗೇ ಮಾಡಿ. ಪುಸ್ತಕದ ಪುಟಗಳ ಫೋಟೋನೂ ತೆಗೆದಿಡಿ. ಫೋಟೋ ಡೇಟಾಬೇಸ್ ಒಳಗೆ ಬೇಡ, ಫೋಲ್ಡರಲ್ಲಿ ಇಟ್ಟು ಹೆಸರು ಮಾತ್ರ ಟೇಬಲ್ಲಿಗೆ ಸೇರಿಸಿ.